ಬೂಸದಂಥ ಪದಾರ್ಥ, ಒಂದು ಚೀಲ

ಓಟ್ಸನ್ನು ಓಟ್ಸಿನ ಚೀಲದಲ್ಲೇ ತಂದಿದ್ದರೆ ನಿಂಗರಾಜುವಿಗೆ ಆ ಶನಿವಾರ ಅಷ್ಟೆಲ್ಲ ಪಾಡು ಬರುತ್ತಿರಲಿಲ್ಲ.

ಆದರೆ ಹಾಗೆ ತರುವುದಾದರೂ ಹೇಗೆ? ಕಡ್ಲೆಕೊಪ್ಪಲಿನ ನಿಂಗರಾಜು ಪಂಚಾಯ್ತಿಯ ವಾಟರ್‌ಮ್ಯಾನ್ ಎಂಬುದು ಬರೀ ಸಂಬಳದ ಮಾತು. ಊರಿನ ಪಾಲಿಗೆ ಅವನು ಮುದ್ದೆಯ ಚಾಂಪಿಯನ್. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನವರು ಸೇರಿ ನಡೆಸುವ ಮುದ್ದೆ ಉಣ್ಣುವ ಸ್ಪರ್ಧೆಯಲ್ಲಿ ಮೂರು ವರ್ಷ ಸತತವಾಗಿ ಟಗರು ಗೆದ್ದು ಹೆಗಲ ಮೇಲೆ ಹೊತ್ತು ತಂದವನು. ಹೋದ ವರ್ಷ ಹದಿನಾಲ್ಕು ಮುದ್ದೆ ನುಂಗಿ, ಕೈ ತೊಳೆದು, "ಸಾರಿಗೆ ಉಪ್ಪು ಒಸಿ ಕಮ್ಮಿ" ಎಂದಿದ್ದ. ಊರ ಬಾಗಿಲಲ್ಲಿ ಅವನ ಫ್ಲೆಕ್ಸು ಈಗಲೂ ನಿಂತಿದೆ. ಬಿಸಿಲಿಗೆ ಮುಖ ಮಾಸಿದೆ, ಕೈಯಲ್ಲಿರುವ ಮುದ್ದೆ ಮಾಸಿಲ್ಲ.

ಅಂಥವನಿಗೆ ಸಕ್ಕರೆ ಕಾಯಿಲೆ ಬಂತು. ಮೈಸೂರಿನ ಡಾಕ್ಟರು ರಿಪೋರ್ಟು ನೋಡಿ ಮೊದಲು ಯಂತ್ರ ಕೆಟ್ಟಿದೆ ಎಂದುಕೊಂಡರು. ಇನ್ನೊಂದು ಯಂತ್ರ ತರಿಸಿ ನೋಡಿದ ಮೇಲೆ, ಕೆಟ್ಟಿರುವವನು ನಿಂಗರಾಜುವೇ ಎಂದು ಖಾತ್ರಿಯಾಯಿತು. "ಹೊತ್ತಿಗೆ ಅರ್ಧ ಮುದ್ದೆ. ಅದೂ ನಿಂಬೆಹಣ್ಣಿನ ಗಾತ್ರದ್ದು. ಹಸಿವಾದರೆ ಓಟ್ಸ್ ತಿನ್ನಿ" ಎಂದರು. ವಾರಕ್ಕೊಂದು ಪೊಟ್ಟಣ ಬೂಕನಕೆರೆ ಸಂತೆಯಲ್ಲಿ ಕೊಂಡರೆ ಪೊಟ್ಟಣಕ್ಕಿಂತ ಮೊದಲು ಸುದ್ದಿ ಮನೆ ಸೇರುತ್ತದೆಂದು ಹೆಂಡತಿ ರಂಜಿತ ಮೈಸೂರಿನ ಸಗಟು ಅಂಗಡಿಯಲ್ಲೇ ಒಂದು ಮೂಟೆ ಕೊಂಡಳು. ನಿಂಗರಾಜು ಅವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅದನ್ನೆಲ್ಲ ಊರಿನ ಹಾಲಿನ ಡೇರಿಯ ಮುದ್ರೆಯಿದ್ದ ಹಳೆಯ ಬೂಸದ ಚೀಲಕ್ಕೆ ಸುರಿದುಕೊಂಡ. ಹಳ್ಳಿಯೊಳಗೆ ಬೂಸದ ಚೀಲ ಹೊತ್ತು ಹೋಗುವವನನ್ನು ಯಾರು ತಿರುಗಿ ನೋಡುತ್ತಾರೆ?

ಅಣ್ಣಮ್ಮ ನೋಡಿದಳು. ಎದುರು ಮನೆಯ ಅಣ್ಣಮ್ಮ. ಊರಿಗೊಂದು ಸಿಸಿಟಿವಿ ಹಾಕಿಸಬೇಕೆಂದು ಪಂಚಾಯ್ತಿಯಲ್ಲಿ ಎರಡು ವರ್ಷದಿಂದ ಮಾತು ನಡೆದಿತ್ತು. ಅಣ್ಣಮ್ಮ ಜಗಲಿಯ ಮೇಲೆ ಕೂತಿರುವಷ್ಟು ಕಾಲ ಅದು ದಂಡದ ಖರ್ಚೆಂದು ಪ್ರತಿಸಲವೂ ಕೈಬಿಡುತ್ತಿದ್ದರು. ಅವಳು ಕಂಡದ್ದು ಇಷ್ಟೇ: ನಿಂಗರಾಜು ಹಸು ಮಾರಿ ಆರು ತಿಂಗಳಾಗಿದೆ. ಆದರೂ ನಿನ್ನೆ ಬೂಸದ ಚೀಲ ಬಂದಿದೆ. ಬಂದದ್ದು ಕೊಟ್ಟಿಗೆಗೆ ಹೋಗದೆ ಅಟ್ಟ ಹತ್ತಿದೆ.

ನಾಳೆ ಭಾನುವಾರ ಸ್ಪರ್ಧೆ. ನಿಂಗರಾಜು ಒಂದು ಉಪಾಯ ಹೂಡಿಟ್ಟಿದ್ದ. ಇವತ್ತು ಸಂಜೆ ವಾಲ್ವ್ ಗುಂಡಿಯಲ್ಲಿ ಜಾರಿಬಿದ್ದೆನೆಂದು ಬಲಗೈಗೆ ಬಟ್ಟೆ ಸುತ್ತಿಕೊಳ್ಳುವುದು. ಮಾನವಾಗಿ ಹಿಂದೆ ಸರಿಯುವುದು. ಕೈ ಮುರಿದುಕೊಂಡ ಚಾಂಪಿಯನ್ನು ಚಾಂಪಿಯನ್ನೇ. ಓಟ್ಸು ತಿನ್ನುವ ಚಾಂಪಿಯನ್ನು ಎಲ್ಲಾದರೂ ಉಂಟೆ? ಸಂಜೆಯವರೆಗೆ ಗುಟ್ಟು ನಿಂತರೆ ಸಾಕಿತ್ತು.

ಬೆಳಿಗ್ಗೆ ಹತ್ತು ಗಂಟೆಗೆ ಅವನು ಒಳಗಿನ ಕೋಣೆಯಲ್ಲಿ, ಬಾಗಿಲಿಗೆ ಅಗುಳಿ ಹಾಕಿಕೊಂಡು, ಬಟ್ಟಲಲ್ಲಿದ್ದುದನ್ನು ಚಮಚೆಯಿಂದ ಎತ್ತಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮುಷ್ಕರದ ಹಿಂದಿನ ದಿನ ಗೋಡೆಗೆ ಪೋಸ್ಟರು ಹಚ್ಚಲು ಕಲಸುವ ಮೈದಾ ಗೋಂದನ್ನು ತಿಂದಹಾಗಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಬಟ್ಟಲನ್ನು ಮಂಚದ ಕೆಳಗೆ ತಳ್ಳಿ ಹೊರಬಂದ.

ಬಾಗಿಲಲ್ಲಿ ಸಬ್‌ಇನ್‌ಸ್ಪೆಕ್ಟರ್ ರವೀಂದ್ರ, ಹಿಂದೆ ಪೇದೆ ಅರ್ಪಿತ, ಅವಳ ಹಿಂದೆ ಡೇರಿ ಕಾರ್ಯದರ್ಶಿ ಮಹದೇವಸ್ವಾಮಿ.

"ನಿಂಗರಾಜು, ನಿಮ್ಮ ಅಟ್ಟದ ಮೇಲೆ ಒಂದು ಚೀಲ ಇದೆಯಂತೆ" ಎಂದರು ಎಸ್‌ಐ, ಮೆಲ್ಲಗೆ. "ಗಲಾಟೆ ಬೇಡ. ಒಂದು ನಿಮಿಷ ತೋರಿಸಿಬಿಡಿ. ನೋಡಿಕೊಂಡು ಹೊರಟುಹೋಗ್ತೀವಿ."

ನಿಂಗರಾಜುವಿನ ಎದೆ, ಕರೆಂಟು ಹೋದ ಮೋಟರಿನಂತೆ ಗೊರ್ ಎಂದು ನಿಂತಿತು. ಓಟ್ಸು ಸರ್ಕಾರದವರೆಗೂ ಮುಟ್ಟಿತೆ? ಸ್ಪರ್ಧೆಯ ಸಮಿತಿಯವರು ದೂರು ಕೊಟ್ಟರೆ? ಚಾಂಪಿಯನ್ ಒಬ್ಬ ಹೀಗೆ ತಿಂದರೆ ಮೋಸದ ಕೇಸಾಗುತ್ತದೆಯೆ? ಆಮೇಲೆ, ಮುಳುಗುವವನಿಗೆ ಬೇರು ಸಿಕ್ಕಹಾಗೆ, ಭಾನುವಾರದ ಓದು ನೆನಪಾಯಿತು.

ಕಡ್ಲೆಕೊಪ್ಪಲಿನಲ್ಲಿ ಒಂದು ಓದಿನ ಕೂಟವಿತ್ತು. ಅದು ಹುಟ್ಟಿದ್ದು ದ್ಯಾವಯ್ಯನ ಜಗಲಿಯ ಮೇಲೆ. ಹೋದ ವರ್ಷ ಯಾರದೋ ಪಂಪಿನ ತಂತಿ ಕಳೆದಾಗ ಪೊಲೀಸರು ಕೆಳಗಿನ ಬೀದಿಗೆ ನುಗ್ಗಿ ದ್ಯಾವಯ್ಯನ ಮನೆಯ ರಾಗಿ ತುಂಬಿದ ಮಣ್ಣಿನ ವಾಡೆ ಬೋರಲು ಹಾಕಿ, ಉಪ್ಪಿನ ಮಡಕೆ ಒಡೆದು, ಅವನನ್ನು ಎರಡು ದಿನ ಕೂರಿಸಿಕೊಂಡಿದ್ದರು. ವಾರಂಟು ಇರಲಿಲ್ಲ, ಸಾಕ್ಷಿ ಇರಲಿಲ್ಲ, ಒಂದು ಚೂರು ಕಾಗದ ಇರಲಿಲ್ಲ. ತಂತಿ ಸಿಕ್ಕಿದ್ದು ಪಂಪಿನ ಯಜಮಾನನ ಭಾವಮೈದುನನ ತೋಟದಲ್ಲಿ. ಮೇಲಿನ ಬೀದಿಗೆ ಬಂದರೆ ಪೊಲೀಸರು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ, ಕೆಳಗಿನ ಬೀದಿಗೆ ಬಂದರೆ ಬಾಗಿಲನ್ನೇ ಬಿಡುವುದಿಲ್ಲ. ದ್ಯಾವಯ್ಯನ ಅಣ್ಣನ ಮಗ, ಕೆ.ಆರ್. ಪೇಟೆ ಕೋರ್ಟಿನ ವಕೀಲ ಸಿದ್ದಾರ್ಥ, ಅವತ್ತಿನಿಂದ ಪ್ರತಿ ಭಾನುವಾರ ಸಂವಿಧಾನವನ್ನು ಸಾಲು ಸಾಲಾಗಿ ಓದಿಸತೊಡಗಿದ. ಮೇಲಿನ ಬೀದಿಯಿಂದ ಮೊದಲು ಬಂದು ಆ ಜಗಲಿಯ ಮೇಲೆ ಕೂತವನು ನಿಂಗರಾಜು. ದ್ಯಾವಯ್ಯ ಅದನ್ನು ಮರೆತಿರಲಿಲ್ಲ.

"ಸಾ" ಎಂದ ನಿಂಗರಾಜು, ಗಂಟಲು ಸರಿಮಾಡಿಕೊಂಡು. "ವಾರಂಟ್ ಐತಾ?"

ಎಸ್‌ಐ ಹುಬ್ಬು ಮೇಲೇರಿತು. "ಒಂದು ಚೀಲ ನೋಡೋಕೆ ವಾರಂಟಾ?"

"ನಾನ್ ಇನ್ ಮಾತಾಡಲ್ಲ ಸಾ. ಇಪ್ಪತ್ತನೇ ವಿಧಿ, ಮೂರನೇ ಕಲಮು. ನನ್ ಮೇಲೆ ನಾನೇ ಸಾಕ್ಷಿ ಏಳಂಗಿಲ್ಲ."

ಇಷ್ಟು ಹೇಳಿದರೆ ಜೀಪು ಹಿಂದಿರುಗುತ್ತದೆಂದು ಅವನ ಎಣಿಕೆ. ಆದರೆ ಸಂವಿಧಾನವನ್ನು ಅವನು ಸ್ವಲ್ಪ ಜೋರಾಗಿ ಹೇಳಿಬಿಟ್ಟಿದ್ದ. ಅಣ್ಣಮ್ಮ ಜಗಲಿಯಿಂದ ಇಳಿದಳು. ಸ್ಪರ್ಧೆಗೆ ಅವನ ಹೆಸರು ಬರೆಸಿ, ತರಬೇತುದಾರನೆಂದು ತನ್ನ ಹೆಸರನ್ನೂ ಬರೆಸಿದ್ದ ನಂಜಪ್ಪ ಓಡಿಬಂದ. ಐದು ನಿಮಿಷದಲ್ಲಿ ಬೀದಿ ತುಂಬಿತು. ಆ ಜನದ ನಡುವಿನಿಂದ ಟವಲು ಕೊಡವಿಕೊಂಡು ದ್ಯಾವಯ್ಯ ಮುಂದೆ ಬಂದ. ಅವನ ಮುಖ ಮಗಳ ಮದುವೆಯ ದಿನ ಹೊಳೆದಂತೆ ಹೊಳೆಯುತ್ತಿತ್ತು.

"ಭೇಷ್ ನಿಂಗ! ಓದಿದ್ದು ದಂಡ ಆಗ್ಲಿಲ್ಲ ಕಣ್ಲಾ" ಎಂದು ಬೆನ್ನು ತಟ್ಟಿ, ಎಸ್‌ಐ ಕಡೆ ತಿರುಗಿದ. "ಸಾ, ವಾರಂಟ್ ಇಲ್ದಿದ್ರೂ ಉಡುಕ್‌ಬೋದು, ಇಲ್ಲ ಅನ್ನಕಿಲ್ಲ. ಆದ್ರೆ ಯಾಕೆ ಅಂತ ಬರ್ದು ತೋರಿಸ್ಬೇಕು. ಊರಿನ ಇಬ್ರು ಮರ್ವಾದಸ್ತರು ಪಂಚರಾಗಿ ಇರ್ಬೇಕು. ವೀಡಿಯೋ ತೆಗೀಬೇಕು. ತಕ್ಕಂಡಿದ್ದಕ್ಕೆಲ್ಲ ಪಟ್ಟಿ ಕೊಡ್ಬೇಕು. ಇಷ್ಟು ಮಾಡಿ, ಉಡುಕಿ."

ನಿಂಗರಾಜುವಿನ ಮುಖದ ಬಣ್ಣ ಇಳಿಯಿತು. "ದ್ಯಾವಣ್ಣ, ಅಷ್ಟೆಲ್ಲಾ ಬ್ಯಾಡ ಬುಡು… ಸಾಹೇಬ್ರು ಒಬ್ರೇ ಬಂದು ನೋಡ್ಕೊಂಡ್ ಓಗ್ಲಿ…"

"ಏಯ್, ಸುಮ್ಕಿರ್ಲಾ! ಇವತ್ತು ನಿನ್ ಮನೇಲಿ ಬುಟ್ರೆ ನಾಳೀಕೆ ನಮ್ ಬೀದೀಲಿ ಯಾವನು ಕೇಳ್ತಾನೆ?"

ಎಸ್‌ಐ ನಿಟ್ಟುಸಿರುಬಿಟ್ಟು, ಜೀಪಿನ ಮೂತಿಯ ಮೇಲೆ ಡೈರಿ ಇಟ್ಟು ಕಾರಣ ಬರೆದರು. "ಓದ್ತೀನಿ, ಕೇಳಿ" ಎಂದು ಕನ್ನಡಕ ಏರಿಸಿದರು.

ಊರೆಲ್ಲ ಕಿವಿಯಾಗಿ ನಿಂತಿದೆ; ಈಗ ಆ ಬಾಯಿಂದ 'ಓಟ್ಸ್' ಎಂಬ ಶಬ್ದ ಬೀಳುತ್ತದೆ. ನಿಂಗರಾಜು ಎರಡೂ ಕೈ ಎತ್ತಿ ಕೂಗಿಕೊಂಡ: "ಬ್ಯಾಡಾ! ಓದ್ಬೇಡಿ ಸಾ! ಕಾರಣ ನಂಗೊತ್ತು!"

"ಗೊತ್ತಂತೆ ಕಣವ್ವ!" ಎಂದಳು ಅಣ್ಣಮ್ಮ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ. ಎಸ್‌ಐ ಡೈರಿಯನ್ನು ಸದ್ದಿಲ್ಲದೆ ಮುಚ್ಚಿದರು.

ಪಂಚರಾಗಿ ದ್ಯಾವಯ್ಯ, ನಂಜಪ್ಪ ನಿಂತರು. ಎಸ್‌ಐ ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ದ್ಯಾವಯ್ಯ ಅಡ್ಡ ಬಂದ.

"ಇನ್ನೊಂದ್ ಐತೆ ಸಾ. ಒಳೀಕೆ ಓಗೋಕ್ ಮುಂಚೆ ನಿಮ್ ಜೇಬು ನಾವ್ ನೋಡ್ಬೇಕು. ನೀವೇ ಏನಾರ ತಂದು ಮಡಗಿ ಸಿಕ್ತು ಅನ್ಬಾರ್ದಲ್ಲ."

ಅರ್ಪಿತಳ ಕೈಯಲ್ಲಿದ್ದ ಮೊಬೈಲು ನಡುಗಿತು, ನಗು ತಡೆಯುತ್ತಿದ್ದಳು. ಎಸ್‌ಐ ಒಂದು ಕ್ಷಣ ಕೆಂಪಾಗಿ, ಆಮೇಲೆ ಎರಡೂ ಕೈ ಮೇಲೆತ್ತಿ, "ನೋಡಿ" ಎಂದರು. ದ್ಯಾವಯ್ಯನಿಗೆ ಅರವತ್ತೆರಡು ವರ್ಷ. ಅಷ್ಟು ವರ್ಷದಲ್ಲಿ ಖಾಕಿಯ ಕೈ ಅವನ ಮೈಮೇಲೆ ಬಿದ್ದದ್ದುಂಟು. ಅವನ ಕೈ ಖಾಕಿಯ ಜೇಬಿಗೆ ಇಳಿದದ್ದು ಅದೇ ಮೊದಲು. ಒಂದು ಕರ್ಚೀಫು ಬಂತು, ಬೈಕಿನ ಕೀ ಬಂತು, ಹೆಬ್ಬೆರಳಿನಷ್ಟು ಚಿಕ್ಕದೊಂದು ಬಿಳಿ ಡಬ್ಬಿ ಬಂತು. ಅಲ್ಲಾಡಿಸಿದರೆ ಒಳಗೆ ಸಾಸಿವೆಯಂಥ ಗುಳಿಗೆ.

"ಇದೇನ್ ಸಾ?"

"ಅದು… ಕಾಫಿಗೆ ಸಕ್ಕರೆ ಬದಲು ಹಾಕೋದು. ನಮ್ಮ ಮನೆಯವರದು" ಎಂದರು ಎಸ್‌ಐ, ಅಗತ್ಯಕ್ಕಿಂತ ಬೇಗ.

"ಬರ್ಕೋ ನಂಜಪ್ಪ. ಡಬ್ಬಿ ಒಂದು, ಮನೆಯವ್ರುದು."

ಇಷ್ಟರಲ್ಲಿ ನಿಂಗರಾಜು ಕೊನೆಯ ಅಸ್ತ್ರವನ್ನು ನೆನೆದು ವಕೀಲರ ಹತ್ತಿರ ಮಾತಾಡಬೇಕೆಂದ. ಅದೂ ಅವನ ಹಕ್ಕೇ. ಆದರೆ ಅವನ ಫೋನು ಒಮ್ಮೆ ವಾಲ್ವ್ ಗುಂಡಿಗೆ ಬಿದ್ದು ಎದ್ದಮೇಲೆ ಗುಟ್ಟಾಗಿ ಮಾತಾಡುವುದನ್ನು ಮರೆತಿತ್ತು, ಏನಿದ್ದರೂ ಲೌಡ್‌ಸ್ಪೀಕರು. ಕೆ.ಆರ್. ಪೇಟೆಯಿಂದ ಸಿದ್ದಾರ್ಥನ ದನಿ ಇಡೀ ಬೀದಿಗೆ ಕೇಳಿಸಿತು: "ನಿಂಗಣ್ಣ, ಎದ್ರುಕೋಬೇಡ. ಅಟ್ಟದ ಮ್ಯಾಲೆ ನಿಜವಾಗ್ಲೂ ಏನ್ ಮಡಗಿದ್ದೀಯ, ನನಗೊಬ್ಬನಿಗೆ ಏಳು. ಯಾರಿಗೂ ಗೊತ್ತಾಗಕಿಲ್ಲ."

ಇಪ್ಪತ್ತು ತಲೆಗಳು ಫೋನಿನ ಕಡೆ ಬಾಗಿದವು.

"ಏನಿಲ್ಲ ಬುಡು" ಎಂದ ನಿಂಗರಾಜು.

"ಏನಿಲ್ಲ ಅಂದ್ರೆ ಮತ್ಯಾಕ್ ಫೋನ್ ಮಾಡ್ದೆ? ಏನೋ ಐತೆ. ಸರಿ, ಬಾಯಿ ಬುಡ್ಬೇಡ. ನಾನ್ ಲೈನಲ್ಲೇ ಇರ್ತೀನಿ."

ಶೋಧನೆ ಶುರುವಾಯಿತು. ಪೊಲೀಸರು ನಿಜಕ್ಕೂ ಏನನ್ನೂ ಮುಟ್ಟಲಿಲ್ಲ. ಮುಟ್ಟಲು ಪಂಚರು ಬಿಡಬೇಕಲ್ಲ. ನಂಜಪ್ಪ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದು ಮೂಸಿ, ಒಂದು ಹೋಳು ಬಾಯಿಗೆ ಹಾಕಿಕೊಂಡು, "ಇದ್ರಲ್ಲೇನಿಲ್ಲ" ಎಂದು ತೀರ್ಪು ಕೊಟ್ಟ. ಪಂಚಳಲ್ಲದ ಅಣ್ಣಮ್ಮ ಬೀರುವಿನ ಬಾಗಿಲು ತೆಗೆದು, "ರಂಜಿತಾ, ಈ ಸೀರೆ ಯಾವಾಗ್ ತಕ್ಕಂಡ್ಯವ್ವ? ನಂಗೆ ತೋರಿಸ್ಲೇ ಇಲ್ಲ" ಎಂದಳು. ಪೊಲೀಸರು ಎಲ್ಲಿಯವರೆಗೆ ಬರಬಹುದೆಂದು ಸಂವಿಧಾನ ಬರೆದವರು ಗೆರೆ ಎಳೆದಿದ್ದಾರೆ. ಎದುರುಮನೆಯವರಿಗೆ ಗೆರೆ ಎಳೆಯಲು ಅವರಿಗೂ ಧೈರ್ಯ ಬಂದಿರಲಿಕ್ಕಿಲ್ಲ ಎಂದು ನಿಂಗರಾಜು ಮೂಲೆಯಲ್ಲಿ ನಿಂತು ಯೋಚಿಸಿದ.

ಮಂಚದ ಕೆಳಗೆ ಬಗ್ಗಿದ ನಂಜಪ್ಪ ಬಟ್ಟಲು ಹಿಡಿದು ಎದ್ದ. "ಇದೇನ್ಲಾ ಇದು, ಬಿಳೀಕೆ?"

"ಗೋಂದು ಕಣಣ್ಣ!" ಎಂದಳು ರಂಜಿತ ತಟ್ಟನೆ. "ನಾಳೆ ಸ್ಪರ್ಧೆ ಪೋಸ್ಟ್ರು ಅಂಟ್ಸಕ್ಕೆ."

ನಂಜಪ್ಪನ ಕಣ್ಣು ತುಂಬಿದವು. "ಪೊಲೀಸ್ರು ಬಾಗ್ಲಲ್ಲಿದ್ರೂ ಸ್ಪರ್ಧೆ ಗ್ಯಾನವೇ ನೋಡಿ ಸಾ ಇವನಿಗೆ" ಎಂದು ಪಟ್ಟಿಗೆ ಬರೆದ: ಗೋಂದು, ಅರ್ಧ ಬಟ್ಟಲು.

ಕೊನೆಗೆ ಏಣಿ ಬಂತು. ಚೀಲ ಅಟ್ಟದಿಂದ ಇಳಿದು ನಡುಮನೆಗೆ ಬಂತು. ಕಿಟಕಿಯ ಒಂದೊಂದು ಸರಳಿನ ನಡುವೆಯೂ ಒಂದೊಂದು ಮುಖ. ಎಸ್‌ಐ ಹುರಿ ಬಿಚ್ಚಿ, ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದರು. ಬೆಳ್ಳಗೆ, ಹೊಟ್ಟು ಹೊಟ್ಟಾಗಿ, ಚಪ್ಪಟೆಯಾಗಿ ಉದುರಿತು. ನಿಂಗರಾಜು ಕಣ್ಣು ಮುಚ್ಚಿಕೊಂಡ.

"ಥೂ ಇವ್ನ! ಬೂಸ!" ಎಂದ ನಂಜಪ್ಪ.

ನಿಂಗರಾಜು ಕಣ್ಣು ತೆರೆದ. ಬೂಸ! ಊರಿನವರಿಗೆ ಗುರುತು ಸಿಕ್ಕಿಲ್ಲ! ಹುಟ್ಟಿದಂದಿನಿಂದ ಓಟ್ಸು ಕಂಡಿರದ ಜನ! ಅವನಿಗೆ ಎಲ್ಲರನ್ನೂ ತಬ್ಬಿಕೊಳ್ಳಬೇಕೆನಿಸಿತು.

"ಇದೇ ಸಾ! ಇದೇ!" ಎಂದು ಅಷ್ಟರಲ್ಲಿ ಮಹದೇವಸ್ವಾಮಿ ಮುಂದೆ ಹಾರಿದ. "ನಮ್ ಡೇರಿ ಮುದ್ರೆ ನೋಡಿ! ನಿನ್ನೆಯಿಂದ ಕಾಣದ ಆರು ಚೀಲದಲ್ಲಿ ಇದೂ ಒಂದು! ಕಳ್ಳನ್ ಮಗ, ಹಸಾನೂ ಇಲ್ಲ, ಕರಾನೂ ಇಲ್ಲ, ಬೂಸ ಮಡಗವ್ನೆ!"

ಎಸ್‌ಐ ಡೈರಿ ತೆರೆದು ಆಗ ಓದದೆ ಬಿಟ್ಟ ಕಾರಣವನ್ನು ಈಗ ಓದಿದರು. ಡೇರಿಗೆ ಬರಬೇಕಾದ ಬೂಸದ ಚೀಲಗಳು ಕಾಣೆಯಾಗಿರುವುದಾಗಿ ದೂರು. ಅಂಥದೇ ಚೀಲವೊಂದನ್ನು ಹಸುವಿಲ್ಲದ ನಿಂಗರಾಜು ಅಟ್ಟಕ್ಕೇರಿಸಿದ್ದನ್ನು ಕಣ್ಣಾರೆ ಕಂಡವರ ಹೇಳಿಕೆ. ಅಣ್ಣಮ್ಮ ಸೀರೆಯ ಮಡಿಕೆ ಸರಿಪಡಿಸುತ್ತ ಗೋಡೆ ನೋಡಿದಳು.

ಯಾಕೆ ಬಂದಿರಿ ಎಂದು ಕೇಳುವ ಹಕ್ಕೊಂದಿತ್ತು. ಇರುವ ಹಕ್ಕುಗಳಲ್ಲೆಲ್ಲ ಅದೊಂದನ್ನೇ ನಿಂಗರಾಜು ಕೂಗಿ ಕೂಗಿ ಬೇಡವೆಂದಿದ್ದ.

ಈಗ ಅವನ ಮುಂದೆ ಎರಡೇ ದಾರಿ. ಬಾಯಿ ಬಿಟ್ಟರೆ ಓಟ್ಸು ತಿನ್ನುವವನು, ಬಿಡದಿದ್ದರೆ ಬೂಸ ಕದ್ದವನು. ಅವನು ಪ್ರಾಮಾಣಿಕವಾಗಿ ಎರಡನ್ನೂ ತೂಗಿ ನೋಡಿದ. ಕಳ್ಳತನ ಮಾಡಿದವರು ಜೈಲಿನಿಂದ ಬಂದು ಪಂಚಾಯ್ತಿ ಮೆಂಬರಾದದ್ದುಂಟು. ಓಟ್ಸು ತಿಂದವನು ಮತ್ತೆ ತಲೆಯೆತ್ತಿದ ಉದಾಹರಣೆ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಅವನು ಬಾಯಿ ಬಿಗಿದು ಎಸ್‌ಐ ಮುಖ ನೋಡಿದ. ಎಸ್‌ಐ ಅಂಗೈಯ ಚಕ್ಕೆಗಳನ್ನು ಬೆರಳಿಂದ ತಿಕ್ಕಿ, ಮೂಸಿ, ಅವನ ಕಣ್ಣನ್ನೇ ದಿಟ್ಟಿಸಿದರು. ಆ ನೋಟದಲ್ಲಿ ಗುರುತಿತ್ತು. ಹಳೆಯ, ಬೇಸತ್ತ, ದಿನಾ ಬೆಳಿಗ್ಗೆಯ ಗುರುತು. ಆದರೆ ಅವರೂ ಈ ಜಿಲ್ಲೆಯ ಗಂಡಸೇ. ಸುತ್ತ ಇದ್ದ ಜನರನ್ನು ಒಮ್ಮೆ ನೋಡಿ, ಕೆಮ್ಮಿ, "ಇದು ಏನೋ ನನಗೆ ತಿಳಿಯದು" ಎಂದು ಹೇಳಿ, ಪಟ್ಟಿಗೆ ಬರೆಸಿದರು: ಬೂಸದಂಥ ಪದಾರ್ಥ, ಒಂದು ಚೀಲ.

"ಬೂಸ ಅಲ್ಲ ಸಾ!" ರಂಜಿತಳಿಗೆ ತಡೆಯಲಾಗಲಿಲ್ಲ. "ತಿನ್ನೋದು! ಓಟ್ಸು! ನಮ್ಮನೆಯವ್ರಿಗೆ ಸಕ್ಕರೆ ಕಾಯ್ಲೆ ಬಂದದೆ. ಡಾಕ್ಟ್ರು ತಿನ್ನು ಅಂದವ್ರೆ."

ಅಣ್ಣಮ್ಮ ಲೊಚಗುಟ್ಟಿದಳು. "ಅಯ್ಯೋ, ಗಂಡನ್ನ ಉಳ್ಸ್ಕಳಕೆ ಎಂಥಾ ಸುಳ್ಳು ಕಟ್ತಾವ್ಳೆ ನೋಡಿ! ಹದಿನಾಲ್ಕು ಮುದ್ದೆ ಉಂಡ ಗಂಡ್ಸು ಬೂಸ ತಿಂತಾನಂತೆ!"

"ತಿಂದು ತೋರಿಸ್ಲಿ" ಎಂದ ಮಹದೇವಸ್ವಾಮಿ.

"ನಿಂಗಣ್ಣ, ತಿನ್ಬೇಡ!" ಎಂದು ಫೋನು ಅರಚಿತು. "ನಿನ್ ಮೇಲೆ ನೀನೇ ಸಾಕ್ಷಿ ಆಗಂಗಿಲ್ಲ!"

"ತಿನ್ನೋದೂ ಸಾಕ್ಷಿನೇನ್ಲಾ ಸಿದ್ದಾರ್ಥ?" ಎಂದು ನಂಜಪ್ಪ ಫೋನಿಗೆ ಬಾಗಿದ.

"ಬಾಯಿಂದ ಬರೋದು ಸಾಕ್ಷಿ. ಬಾಯಿಗೆ ಓಗೋದು… ಒಸಿ ತಡೀರಿ, ಪುಸ್ತಕ ನೋಡ್ಬೇಕು."

ಪುಸ್ತಕ ಸಿಗುವಷ್ಟರಲ್ಲಿ ದ್ಯಾವಯ್ಯ ನಿಂಗರಾಜುವಿನ ಹತ್ತಿರ ಬಂದು ಕೂತ. ದನಿ ತಗ್ಗಿಸಿ, ಅವನೊಬ್ಬನಿಗೇ ಕೇಳುವಂತೆ ಹೇಳಿದ: "ಬಾಯಿ ಬುಡ್ಬೇಡ ಅಂತ ಪುಸ್ತಕದಲ್ಲಿರೋದು ನಿನ್ನನ್ನ ಕಾಯೋಕೆ ಕಣ್ಲಾ, ಕೊಲ್ಲೋಕಲ್ಲ. ನನ್ನ ಎಳ್ಕೊಂಡ್ ಓದಾಗ, ನಾನ್ ಕಳ್ಳ ಅಲ್ಲ ಅಂತ ತೋರ್ಸೋಕೆ ಯಾವ ನನ್ಮಗನೂ ಒಂದು ಬಟ್ಲು ಕೊಡ್ಲಿಲ್ಲ. ನಿಂಗೆ ಕೊಡ್ತಾವ್ರೆ. ನೀನಾಗೇ ಇಷ್ಟ ಪಟ್ರೆ ತಿನ್ನು."

ನಿಂಗರಾಜು ಹೆಂಡತಿಯ ಕಡೆ ತಿರುಗಿ, "ಬೇಯ್ಸು" ಎಂದ.

ರಂಜಿತ ಒಲೆ ಹಚ್ಚಿದಳು. ಪಂಚರ ಸಮಕ್ಷಮದಲ್ಲಿ ನೀರು ಕುದಿಯಿತು. ಅರ್ಪಿತ ಕುದಿಯುವುದನ್ನು ವೀಡಿಯೋ ಮಾಡಿದಳು. ಬಟ್ಟಲು ಮುಂದೆ ಬಂದಾಗ ನಂಜಪ್ಪ ಬಗ್ಗಿ ನೋಡಿ, ಎದೆ ಹಿಡಿದುಕೊಂಡ: "ಇದು ಆಗಿನ ಗೋಂದು!" ನಾಲ್ಕು ತಾಲ್ಲೂಕಿನ ಚಾಂಪಿಯನ್ನು ಊರಿನೆದುರು ಚಮಚೆ ಎತ್ತಿದ. ಒಂದು. ಎರಡು. ಮೂರು. ಹೋದ ವರ್ಷ ಮುದ್ದೆ ಎಣಿಸಿದ ಜನ ಈಗ ಚಮಚೆ ಎಣಿಸಿದರು, ಸಾವಿನ ಮನೆಯಲ್ಲಿ ಕೂತವರ ದನಿಯಲ್ಲಿ. ಕೊನೆಯ ಚಮಚೆ ಗಂಟಲಿಗಿಳಿದ ಗಳಿಗೆಗೇ ಮಹದೇವಸ್ವಾಮಿಯ ಫೋನು ಬಡಿದುಕೊಂಡಿತು.

"ಹಾಂ… ಏನು?… ಎಲ್ಲಿ?… ಆರೂನಾ?" ಅವನ ದನಿ ಕುಗ್ಗುತ್ತ ಹೋಯಿತು. ಫೋನು ಇಟ್ಟು, ಎಲ್ಲರನ್ನೂ ಬಿಟ್ಟು ಒಲೆಯ ಕಡೆ ನೋಡುತ್ತ ಹೇಳಿದ: "ಲಾರಿಯೋನು ಆರು ಚೀಲಾನೂ ಪಕ್ಕದೂರಿನ ಡೇರೀಲಿ ಇಳ್ಸ್ಬುಟ್ಟು ಓಗವ್ನಂತೆ."

"ಅದ್ನ ಒಂದ್ ಬಟ್ಲು ಮುಂಚೆ ಏಳಕ್ಕೆ ಏನಾಗಿತ್ತು ನಿಂಗೆ?" ಎಂದು ರಂಜಿತ ಸೌಟು ಎತ್ತಿದಳು. ಮಹದೇವಸ್ವಾಮಿ ಹಿತ್ತಿಲ ಬಾಗಿಲಿಂದ ಮಾಯವಾದ.

ಎಸ್‌ಐ ನಿಂಗರಾಜುವಿನ ಕೈ ಕುಲುಕಿದರು. ಕೇಸು ಮುಗಿಯಿತು, ಅವನ ಹೆಸರು ಎಲ್ಲೂ ಬರುವುದಿಲ್ಲ ಎಂದರು. ಆಮೇಲೆ ಚೀಲವನ್ನು ಜೀಪಿಗೆ ಎತ್ತಿಸಿದರು.

"ಸಾ, ಅದು ನಮ್ದು!" ಎಂದ ನಿಂಗರಾಜು.

"ನಿಮ್ಮದೇ. ಆದರೆ ಪಟ್ಟಿಗೆ ಏರಿದೆ. ಇಬ್ಬರು ಪಂಚರ ಸಹಿ ಬಿದ್ದಿದೆ. ವೀಡಿಯೋ ಆಗಿದೆ. ಇನ್ನು ನಾನಾಗಿ ಬಿಟ್ಟುಕೊಡೋ ಹಾಗಿಲ್ಲ. ಕೋರ್ಟಿಗೆ ಅರ್ಜಿ ಹಾಕಿ, ಬಿಡಿಸ್ಕೊಳ್ಳಿ. ನೀವೇ ಕೇಳಿದ್ದಲ್ವಾ, ಎಲ್ಲ ಕಾನೂನು ಪ್ರಕಾರ ಆಗಲಿ ಅಂತ?"

"ಅದು ನ್ಯಾಯ" ಎಂದ ದ್ಯಾವಯ್ಯ, ತುಂಬು ಸಂತೋಷದಿಂದ. ಅವನ ಕೈಯಲ್ಲಿ ಪಟ್ಟಿಯ ಪ್ರತಿ ಇತ್ತು. ಅದನ್ನು ಅವನು ನಾಲ್ಕಾಗಿ ಮಡಿಸಿ ನಿಂಗರಾಜುವಿನ ಜೇಬಿಗಿಟ್ಟು, ಮೇಲಿನಿಂದ ಎರಡು ಸಲ ಸವರಿದ. ಊರಿನ ಚರಿತ್ರೆಯಲ್ಲಿ ಪೊಲೀಸರು ಹುಡುಕಿ ಹೋದ ಮನೆಗೆ ಸಿಕ್ಕ ಮೊದಲ ಕಾಗದ ಅದು. ಕೆಳಗಿನ ಬೀದಿಯ ಕಡೆ ಹೋಗುವಾಗ ಅವನು ಎದೆಯೆತ್ತಿ ನಡೆದ.

ಮಧ್ಯಾಹ್ನವೆಲ್ಲ ನಿಂಗರಾಜು ಗೋಡೆ ಕಡೆ ಮುಖ ಮಾಡಿ ಮಲಗಿದ. ಮಾನ ಹೋಗಿತ್ತು, ಓಟ್ಸೂ ಹೋಗಿತ್ತು. ಆದರೆ ಹೊತ್ತು ಇಳಿಯುವಾಗ ಒಂದು ವಿಚಿತ್ರ ನೆಮ್ಮದಿ ಅವನನ್ನು ಮುಟ್ಟಿತು. ಇನ್ನು ಕೈಗೆ ಬಟ್ಟೆ ಸುತ್ತಿಕೊಳ್ಳಬೇಕಿಲ್ಲ. ಇನ್ನು ಅಗುಳಿ ಹಾಕಿಕೊಂಡು ಉಣ್ಣಬೇಕಿಲ್ಲ. ಕಾಯಿಲೆ ಎಲ್ಲರಿಗೂ ತಿಳಿದಿದೆ. ಮುದ್ದೆಯ ಕಾಟ ಇವತ್ತಿಗೆ ತೀರಿತು.

ಬಾಗಿಲು ಬಡಿದ ಸದ್ದಾಯಿತು. ಅಣ್ಣಮ್ಮ ನಿಂತಿದ್ದಳು, ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಹೊಗೆಯಾಡುವ ಮುದ್ದೆ, ತೆಂಗಿನಕಾಯಿ ಗಾತ್ರದ್ದು.

"ತಪ್ಪಾಯ್ತು ಕಣಪ್ಪ, ನಾನೇ ಏಳ್ಬುಟ್ಟೆ" ಎಂದು ಮೂಗು ಒರೆಸಿಕೊಂಡಳು. "ಸಕ್ಕರೆ ಕಾಯ್ಲೆಗೆ ಆ ಪ್ಯಾಟೆ ಡಾಕ್ಟ್ರಿಗೇನ್ ಗೊತ್ತು? ಬೂಸ ತಿನ್ಸವ್ನೆ, ಪಾಪಿ. ಸಕ್ಕರೆಗೆ ರಾಗೀನೇ ಮದ್ದು. ಉಣ್ಣು. ನೀನು ಉಂಡ ಮೇಲೇ ನಾನ್ ಓಗೋದು."

ಹಿಂದೆಯೇ ನಂಜಪ್ಪನ ಮನೆಯಿಂದ ಎರಡು ಬಂದವು, ಉಪ್ಪೆಸರಿನ ಜೊತೆ. ಮಹದೇವಸ್ವಾಮಿ ನಾಚಿಕೆಯಿಂದ ತಾನು ಬಾರದೆ ಹೆಂಡತಿಯ ಕೈಲಿ ಎರಡು ಕಳಿಸಿದ. ಕೆಳಗಿನ ಬೀದಿಯಿಂದ ದ್ಯಾವಯ್ಯ, ಕೂಟದ ಪರವಾಗಿ, ಬುಟ್ಟಿಯಲ್ಲಿ ಒಂಬತ್ತು ತಂದ. ಡಾಕ್ಟರು ಬೇಡ ಅಂದಿದ್ದಾರೆ ಎಂದು ರಂಜಿತ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಬೇಡವೆನ್ನಲು ಬಾಯಿ ತೆರೆದಾಗಲೆಲ್ಲ ಯಾರಾದರೂ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಒಳಗೆ ತಳ್ಳುತ್ತಿದ್ದರು. ವಾರಂಟು ಕೇಳೋಣವೆಂದರೆ ಬಂದವರು ಪೊಲೀಸರಲ್ಲ. ಊರಿನ ಪ್ರೀತಿಗೆ ಅಂಕೆ ಹಾಕುವ ವಿಧಿ ಪುಸ್ತಕದ ಯಾವ ಪುಟದಲ್ಲಿದೆಯೆಂದು ನಿಂಗರಾಜು ಮನಸ್ಸಿನಲ್ಲೇ ಹುಡುಕಿದ, ಸಿಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಂಜಪ್ಪ ನಿಟ್ಟುಸಿರಿಟ್ಟ. "ಇದು ಹದಿನಾಲ್ಕು ಕಣ್ಲಾ. ಸ್ಪರ್ಧೆ ಇರೋದು ನಾಳೀಕೆ. ಒಂದ್ ಟಗರೂ ಇಲ್ದಂಗೆ ಇವತ್ತೇ ಮುಗಿಸ್ಬುಟ್ಟೆಯಲ್ಲೋ."

ಆಗಲೇ ಬೀದಿಯಲ್ಲಿ ಸ್ಕೂಟರು ನಿಂತಿತು. ಪೇದೆ ಅರ್ಪಿತ. ನಿಂಗರಾಜುವಿನ ಕಣ್ಣು ಅರಳಿದವು: ಚೀಲ ವಾಪಸ್ಸು ಬಂತು! ಎಸ್‌ಐ ಸಾಹೇಬರಿಗೆ ಮನಸ್ಸು ಕರಗಿದೆ!

ಅರ್ಪಿತ ಒಂದು ಊಟದ ಕ್ಯಾರಿಯರನ್ನು ಅವನ ಮುಂದಿಟ್ಟಳು. "ಸಾಹೇಬ್ರ ಮನೆಯಿಂದ ಅಣ್ಣ. ಅಮ್ಮಾವ್ರು ಅವ್ರಿಗೆ ಅಂತ ಕಟ್ಟಿದ್ದ ಮುದ್ದೆ. ಅವ್ರು ಇವತ್ತು ಠಾಣೇಲೇ ಬೇರೆ ಏನೋ ಬೇಯಿಸ್ಕೊಂಡು ಉಂಡ್ರಂತೆ, ಇದು ಮಿಕ್ತು. ನಿಮ್ಗೆ ಕೊಟ್ಟು ಬಾ ಅಂದ್ರು." ಆಮೇಲೆ ಚೀಟಿಯೊಂದನ್ನು ಮುಂದೆ ಹಿಡಿದಳು. "ಮುದ್ದೆ, ಒಂದು. ತಲುಪಿದ್ದಕ್ಕೆ ಇಲ್ಲಿ ಸಹಿ ಹಾಕಿ. ಎಲ್ಲ ಕಾನೂನು ಪ್ರಕಾರ ಇರ್ಲಿ ಅಂತ."

ಬೇರೆ ಏನು ಬೇಯಿಸಿಕೊಂಡರು ಎಂದು ನಿಂಗರಾಜು ಕೇಳಬೇಕೆಂದಿದ್ದ. ಜೇಬಿನಲ್ಲಿ ಪಟ್ಟಿಯ ಪ್ರತಿ ಬೆಚ್ಚಗೆ ಕೂತಿತ್ತು. ಕೇಳುವ ಹಕ್ಕೂ ಇತ್ತು. ಆದರೆ ಅಣ್ಣಮ್ಮ ಆಗತಾನೆ ಇನ್ನೊಂದು ತುತ್ತು ತಳ್ಳಿದ್ದಳು. ಬಾಯ್ತುಂಬ ಮುದ್ದೆಯಿಟ್ಟುಕೊಂಡು, ಇಪ್ಪತ್ತನೇ ವಿಧಿಯ ಮೂರನೇ ಕಲಮನ್ನು ಪೂರ್ತಿಯಾಗಿ ಪಾಲಿಸುತ್ತ, ನಿಂಗರಾಜು ಸಹಿ ಹಾಕಿದ.